ಪಾದ್ರಿಯ ಮದುವೆಗೆ ಬಂದ ತಕರಾರು

ಶಿಷ್ಯ ಕೇಳಿದ: “ಅಮ್ಮ, ನಾವು ಕಟ್ಟಿದ ಭಜನಾ ಮಂದಿರಕ್ಕೆ ಕುಡುಕರು ಬರುತ್ತಾರೆ, ಚಾಡಿಕೋರರು ಬರುತ್ತಾರೆ. ಅಂಥವರನ್ನು ಹೊರಗೆ ಹಾಕಿ ಒಳ್ಳೆಯವರನ್ನು ಮಾತ್ರ ಉಳಿಸಿಕೊಂಡರೆ ಆಗದೇ?”

ಗುರುತಾಯಿ ನಕ್ಕರು. “ಹಾಕಪ್ಪ, ಯಾರು ಬೇಡ ಅಂದರು? ಹಾಕುವ ಮುಂಚೆ ಒಬ್ಬ ಪಾದ್ರಿಯ ಕತೆ ಕೇಳು. ನನಗೆ ಇದನ್ನು ಹೇಳಿದವನು ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೋಗಿದ್ದವನು. ಉಪ್ಪು ಖಾರ ಸೇರಿಸಿದ್ದರೆ ಅವನು ಸೇರಿಸಿರಬೇಕು, ನಾನಲ್ಲ.”

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯವರು ಒಬ್ಬ ಪಾದ್ರಿಯನ್ನು ಸಮುದ್ರದಾಚೆಯ ಒಂದು ದ್ವೀಪಕ್ಕೆ ಕಳಿಸಿದರು. ದ್ವೀಪ ಅವರ ದೊರೆತನಕ್ಕೆ ಸೇರಿದ್ದು. ಅಲ್ಲಿ ಕಬ್ಬಿನ ತೋಟಗಳಿದ್ದವು, ತೋಟದ ದೊರೆಗಳಿದ್ದರು, ಚರ್ಚು ಇರಲಿಲ್ಲ. “ಹೋಗಿ ಸಭೆ ಕಟ್ಟು” ಎಂದು ಹಡಗು ಹತ್ತಿಸಿದರು. ಆ ಸಭೆಯ ಪಾದ್ರಿಗಳು ಮದುವೆಯಾಗಬಹುದು, ಆದರೂ ಈತನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಹೋದ.

ಕಲ್ಲು ಹೊರಿಸಿದ, ಗೋಡೆ ಎಬ್ಬಿಸಿದ, ಬೆಂಚು ಹಾಕಿಸಿದ, ಗಂಟೆ ತೂಗಿಸಿದ. ಜನ ಬಂದರು. ಎಂಥವರು ಬಂದರು ಅಂತೀಯಾ? ಒಬ್ಬ ತೋಟದ ದೊರೆ, ತಾಳಿಯಿಲ್ಲ ಉಂಗುರವಿಲ್ಲ, ಅಡುಗೆಯವಳನ್ನೇ ಮನೆಯವಳನ್ನಾಗಿ ಮಾಡಿಕೊಂಡವನು. ಒಬ್ಬ ಡಾಕ್ಟರು, ಬೆಳಿಗ್ಗೆಯೇ ಏರಿಸಿಕೊಂಡು ಬರುವವನು. ಇಬ್ಬರು ಅಕ್ಕತಂಗಿಯರು, ಒಂದು ರೇಷ್ಮೆ ಲಂಗಕ್ಕಾಗಿ ಮಾತು ಬಿಟ್ಟವರು.

ಅವರ ಸಭೆಯಲ್ಲಿ ಒಂದು ಕಟ್ಟಳೆಯಿದೆ. ಊರಿಗೆಲ್ಲ ಗೊತ್ತಾದ ಪಾಪಿಗೆ, ನಮ್ಮ ಪ್ರಸಾದದ ಹಾಗೆ ಅವರು ಹಂಚುವ ಪ್ರಭುವಿನ ರೊಟ್ಟಿ, ದ್ರಾಕ್ಷಾರಸ ಕೊಡುವುದಿಲ್ಲವೆಂದು ಪಾದ್ರಿ ಹೇಳಬಹುದು. ಬೇರೆ ಪಾದ್ರಿಗಳು ಕಂಡೂ ಕಾಣದ ಹಾಗೆ ಇದ್ದುಬಿಡುತ್ತಾರೆ. ಈತ ಎಲ್ಲವನ್ನೂ ಕಂಡ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಬ್ಬಿಸಿ ಕಳಿಸಿದ. ಹೋದವರ ಪರವಾಗಿ ಮಾತಾಡಿದವರನ್ನೂ ಕಳಿಸಿದ.

ಕಡೆಗೆ ಉಳಿದವಳು ಒಬ್ಬಳು ವಿಧವೆ. ಕಪ್ತಾನನ ಹೆಂಡತಿಯಾಗಿದ್ದವಳು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು. ಪಾದ್ರಿ ತಾನೇ ಗಂಟೆ ಹೊಡೆಯುವನು, ತಾನೇ ಒಳಗೆ ಬಂದು ಪ್ರಾರ್ಥನೆ ಓದುವನು. ಆಮೆನ್ ಎನ್ನುವವಳು ಅವಳೊಬ್ಬಳೇ. ಗಾಳಿಗೆ ಬಾಗಿಲು ಅಲುಗಿದರೆ ಯಾರೋ ಬಂದರೆಂದು ಆತ ತಲೆಯೆತ್ತುತ್ತಿದ್ದ. ಊಟಕ್ಕೆ ಕರೆಯುವ ಮನೆಯಿಲ್ಲ. ಹಾದಿಯಲ್ಲಿ ಎದುರಾದವರು ಆಚೆ ಬದಿಗೆ ಸರಿಯುತ್ತಿದ್ದರು. ಇಷ್ಟಾದ ಮೇಲೆ ಏನಾಗಬೇಕೋ ಅದೇ ಆಯಿತು. ನನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಿದ. ಅವಳು ಹೂಂ ಅಂದಳು.

ಮದುವೆ ಮಾಡಿಸಲು ಬಿಷಪ್ಪರು ಹಡಗಿನಲ್ಲಿ ಬರಬೇಕು. ಅದಕ್ಕೆ ಮುಂಚೆ ಮೂರು ಭಾನುವಾರ, ನೆರೆದ ಸಭೆಯ ಮುಂದೆ, ಗಂಡು ಹೆಣ್ಣಿನ ಹೆಸರು ಓದಿ, “ಇವರು ಕೂಡಬಾರದೆಂಬುದಕ್ಕೆ ಯಾರಿಗಾದರೂ ಕಾರಣ ತಿಳಿದಿದ್ದರೆ ಹೇಳಿ” ಎಂದು ಕೇಳಬೇಕು. ಎಷ್ಟು ಚೆಂದದ ಪದ್ಧತಿ ನೋಡು! ನಾವು ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಅವರು ಎದುರಿಗೇ ಕರೆದು ಕೇಳುತ್ತಾರೆ.

ಮೊದಲ ಭಾನುವಾರ ಪಾದ್ರಿ ತನ್ನ ಹೆಸರು ಓದಿದ, ಅವಳ ಹೆಸರು ಓದಿದ, ಕಾರಣವಿದ್ದರೆ ಹೇಳಿ ಎಂದ. ಬೆಂಚುಗಳು ಸುಮ್ಮನಿದ್ದವು.

ವಿಧವೆ ಹೇಳಿದಳು: “ಕೇಳುವವರಿಲ್ಲದೆ ಓದಿದರೆ ಅದು ಓದಿದ ಲೆಕ್ಕವಲ್ಲ. ನಾನೇನು ಕದ್ದು ಮದುವೆಯಾಗುತ್ತಿದ್ದೇನೆಯೇ? ಜನರನ್ನು ಕರೆಯಿರಿ.”

ಪಾದ್ರಿ ತೋಟದ ದೊರೆಯ ಬಾಗಿಲಿಗೆ ಹೋದ. “ಭಾನುವಾರ ಎಲ್ಲರೂ ಬಂದು ಕೂತುಕೊಳ್ಳಿ, ಸಾಕು” ಎಂದ.

“ನಾವು ಕೂತರೆ ಬೆಂಚು ಮೈಲಿಗೆಯಾಗುವುದಿಲ್ಲವೇ, ಪಾದ್ರಿಗಳೇ?”

ಪಾದ್ರಿ ತಲೆ ತಗ್ಗಿಸಿ ನಿಂತ. ಅಷ್ಟೇ ಸಾಕಾಯಿತು.

ಪಾದ್ರಿಯ ಮದುವೆಯೆಂದರೆ ಯಾರು ಬಿಡುತ್ತಾರೆ? ಎಲ್ಲರೂ ಬಂದರು. ದೊರೆ ಅಡುಗೆಯವಳನ್ನು ಕೈಹಿಡಿದು ಕರೆತಂದ. ಡಾಕ್ಟರು ಕುಡಿಯದೆ ಬಂದ, ಒಂದು ಮಾತೂ ತಪ್ಪಿಹೋಗಬಾರದೆಂದು. ಅಕ್ಕತಂಗಿಯರು ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಕೂತರು. ಕೂರಲು ಜಾಗವಿಲ್ಲದೆ ಕೆಲವರು ನಿಂತರು. ಪಾದ್ರಿಯ ಕಣ್ಣು ತುಂಬಿತು. ಹೆಸರು ಓದಿದ, ಕಾರಣ ಕೇಳಿದ.

ಅಡುಗೆಯವಳು ಎದ್ದಳು. “ನನಗೆ ಗೊತ್ತು. ತಪ್ಪು ಮಾಡಿದವರನ್ನು ಇವರು ಹತ್ತಿರ ಇಟ್ಟುಕೊಳ್ಳುವುದಿಲ್ಲ. ಈ ಅಮ್ಮನೂ ಮನುಷ್ಯಳೇ, ಒಂದು ದಿನ ತಪ್ಪುತ್ತಾಳೆ. ಆಗ ಇವಳನ್ನು ಎಲ್ಲಿಗೆ ಎಬ್ಬಿಸಿ ಕಳಿಸುತ್ತೀರಿ, ಸ್ವಾಮಿ?”

ಒಬ್ಬರೂ ನಗಲಿಲ್ಲ. ವಿಧವೆ ಪಾದ್ರಿಯ ಮುಖ ನೋಡಿದಳು. ಕಳಿಸುವುದಿಲ್ಲ ಎಂಬ ಒಂದು ಮಾತಿಗೆ ಕಾದಳು.

ಪಾದ್ರಿ ಹೇಳಿದ: “ಇದು ಕಟ್ಟಳೆ ಒಪ್ಪುವ ಕಾರಣವಲ್ಲ.”

ಅವಳು ಆರ್ಗನ್ನಿನ ಮುಚ್ಚಳ ಮುಚ್ಚಿ ಹೊರಗೆ ನಡೆದಳು. ಅವಳ ಹಿಂದೆ ಎಲ್ಲರೂ ಎದ್ದು ಹೋದರು.

ಬಿಷಪ್ಪರ ಹಡಗು ಬಂತು. ಅವರು ಬೆಂಚುಗಳ ಮೇಲೆ ಕೈಯಾಡಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. “ಎಷ್ಟು ಚೊಕ್ಕವಾಗಿ ಇಟ್ಟುಕೊಂಡಿದ್ದೀರಿ!” ಎಂದು ಹೊಗಳಿ ಹಿಂದಿರುಗಿದರು. ಅದೇ ಹಡಗಿನಲ್ಲಿ ವಿಧವೆಯೂ ಹೊರಟುಹೋದಳು. ಪಾದ್ರಿ ದಡದಲ್ಲಿ ನಿಂತಿದ್ದ. ಅವನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಅಮ್ಮ, ಅವತ್ತು ಬಂದವರು ಆಡಿಕೊಳ್ಳಲು ಬಂದವರು ತಾನೇ? ಅವರನ್ನು ಒಳ್ಳೆಯವರು ಎನ್ನಲಾದೀತೇ?”

“ಒಳ್ಳೆಯವರೆಂದು ನಾನೆಲ್ಲಿ ಹೇಳಿದೆ, ಮಗನೇ? ನನ್ನ ಮೇಲೂ ತಕರಾರಿದ್ದರೆ ಹೇಳಿ ಎಂದು ಅವನು ಜನರನ್ನು ಕರೆದು ಕೇಳಿದ ಆ ಒಂದು ದಿನವೇ ಅವನ ಚರ್ಚು ತುಂಬಿದ್ದು.”