ಹೊಸತೊಡಕಿನ ಜಗಳ

“ಗುರುಗಳೇ, ಒಂದು ಸಂದೇಹ,” ಎಂದ ಶಿಷ್ಯ. “ಯುಗಾದಿಗೆ ಊರಿಗೆ ಹೊರಟಿದ್ದೇನೆ. ಮಾರನೆಯ ದಿನ ಹೊಸತೊಡಕು, ಮನೆಯಲ್ಲಿ ಬಾಡೂಟ. ನಮ್ಮ ಸೋದರಮಾವ ಪ್ರತಿ ವರ್ಷ ಬರುತ್ತಾರೆ, ಕುಡಿಯುತ್ತಾರೆ, ಆಮೇಲೆ ಚಿಕ್ಕ ಮಗನನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೊರಡುತ್ತಾರೆ. ಅವರ ಮನಸ್ಸು ನೋಯದಂತೆ ತಡೆಯುವುದು ಹೇಗೆ?”

“ಇಷ್ಟು ವರ್ಷ ಏನು ಮಾಡಿದಿರಿ?”

“‘ನಿಧಾನಕ್ಕೆ ಹೋಗಿ ಮಾವ’ ಅಂತ ಹೇಳುತ್ತೇವೆ.”

ಗುರುಗಳು ನಕ್ಕು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಹೊಸತೊಡಕಿನ ಊಟಕ್ಕೆ ಅವನ ಹೆಂಡತಿಯ ಅಣ್ಣ ಬಂದ. ಅವನೊಬ್ಬ ರೈತ. ಸ್ವಂತ ಎತ್ತಿನ ಗಾಡಿಯಲ್ಲಿ, ಐದು ವರ್ಷದ ಮಗಳನ್ನು ಕೂರಿಸಿಕೊಂಡು ಬಂದಿದ್ದ. ವ್ಯಾಪಾರಿ ಧಾರಾಳಿ. ನೆಂಟನ ಲೋಟ ಬರಿದಾಗಲು ಬಿಡಲಿಲ್ಲ. ಬೇಡವೆಂದರೂ ಹೆಂಡ ಸುರಿದ. ಅದಕ್ಕೆ ಉಪಚಾರ ಎಂದು ಹೆಸರು.

ಬಿಸಿಲು ಇಳಿಯುವ ಹೊತ್ತಿಗೆ ರೈತ ಎದ್ದ. ನೊಗಕ್ಕೆ ಎತ್ತು ಕಟ್ಟಲು ಹೋಗಿ ಎರಡು ಸಲ ಹಗ್ಗ ಕೈಬಿಟ್ಟ. ಮಗಳನ್ನು ಎತ್ತಿ ಗಾಡಿಯ ಮುಂಭಾಗದಲ್ಲಿ ಕೂರಿಸಿದ. ಅವನ ಊರಿನ ದಾರಿ ಕೆರೆಯ ಏರಿಯ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಆಳ. ಅಂಗಳದಲ್ಲಿದ್ದ ನೆಂಟರೆಲ್ಲ ನೋಡಿದರು. ಎಲ್ಲರಿಗೂ ಭಯವಾಯಿತು. ಆದರೆ ಹೊಸತೊಡಕಿನ ದಿನ ಏನು ನಡೆಯುತ್ತದೋ ವರ್ಷವಿಡೀ ಅದೇ ನಡೆಯುತ್ತದೆ ಎಂದು ಆ ಸೀಮೆಯ ನಂಬಿಕೆ. ಆ ದಿನ ಜಗಳವಾದರೆ ವರ್ಷಪೂರ್ತಿ ಜಗಳ. ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ.

“ಹುಷಾರು ಭಾವ,” ಎಂದ ವ್ಯಾಪಾರಿ. ಅಷ್ಟು ಹೇಳಿದ್ದಕ್ಕೇ ಅವನಿಗೆ ಸಮಾಧಾನವಾಯಿತು.

ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಬಂದಳು. ಮಗುವನ್ನು ಇಳಿಸಿ ನೆಂಟರ ಹೆಂಗಸೊಬ್ಬಳ ಕೈಗೆ ಕೊಟ್ಟಳು. ಎತ್ತುಗಳ ಹಗ್ಗ ಬಿಚ್ಚತೊಡಗಿದಳು.

“ಏಯ್, ಏನೇ ಅದು? ಎತ್ತುಗಳಿಗೆ ದಾರಿ ಗೊತ್ತು ಕಣೇ!”

“ಗೊತ್ತು ಅಣ್ಣ. ಹಗ್ಗ ಹಿಡಿದವನು ಎಳೆದ ಕಡೆಗೆ ತಿರುಗೋದೂ ಗೊತ್ತು.”

“ಹತ್ತು ಜನರ ಮುಂದೆ ನನ್ನನ್ನ ಕುಡುಕ ಅಂತೀಯಾ?”

“ಹತ್ತು ಜನವೂ ಮನಸ್ಸಲ್ಲಿ ಅದನ್ನೇ ಅಂತಿದ್ದಾರೆ. ಬಾಯಿಬಿಟ್ಟವಳು ನಾನೊಬ್ಬಳೇ.”

ಅವನು ಕೂಗಾಡಿದ. ಅವಳ ತವರು ಇಂದಿಗೆ ಮುಗಿಯಿತು ಎಂದ. ಅವಳು ಅಳುತ್ತಲೇ ಎತ್ತುಗಳನ್ನು ಕೊಟ್ಟಿಗೆಗೆ ಹೊಡೆದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ಗಂಡನೂ ಅವಳನ್ನೇ ಗದರಿದ. ಕೂಗಿ ಸುಸ್ತಾಗಿ ರೈತ ಜಗಲಿಯ ಮೇಲೆ ಬಿದ್ದುಕೊಂಡ. ಬೆಳಿಗ್ಗೆ ಎದ್ದು, ಕೊಟ್ಟ ನೀರನ್ನೂ ಮುಟ್ಟದೆ, ಮಗಳನ್ನು ಕರೆದುಕೊಂಡು ಗಾಡಿ ಹೊಡೆದುಕೊಂಡು ಹೋದ.

ಗುರುಗಳು ಕತೆ ಅಲ್ಲಿಗೇ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ತಂಗಿ ಮಾಡಿದ್ದು ಸರಿ ಅಂತ ಅವನಿಗೆ ಆಮೇಲಾದರೂ ಅರ್ಥವಾಯಿತೇ?”

“ಹೇಗೆ ಅರ್ಥವಾಗಬೇಕಪ್ಪಾ? ಏನೂ ಆಗಲೇ ಇಲ್ಲವಲ್ಲ. ಏರಿ ಎಲ್ಲಿತ್ತೋ ಅಲ್ಲೇ ಇತ್ತು, ಕೆರೆಯೂ ಅಲ್ಲೇ ಇತ್ತು.”

“ಹಾಗಾದರೆ ಆ ಜಗಳ? ಒಂದು ವರ್ಷಕ್ಕೆ ಮುಗಿಯಿತೇ?”

“ಎಲ್ಲಿ ಮುಗಿಯುತ್ತದೆ! ಆ ಹುಡುಗಿ ದೊಡ್ಡವಳಾಗಿ ತನ್ನ ಮಗಳ ಮದುವೆ ಮಾಡಿದಳು, ಆ ಚಪ್ಪರದಲ್ಲಿ ಕೂತೂ ಮುದುಕ ತಂಗಿಯನ್ನು ಬೈಯುತ್ತಿದ್ದ.”