ಕಂಚುಗಾರನ ಕಾರು

"ಅಜ್ಜಾರ, ಜಗಳಾ ತಗದಾಂವ ಅವನು. ಹಂಗಿದ್ದ ಮ್ಯಾಲ ಮೊದಲು ಬಂದು ಮಾತಾಡಬೇಕಾದಾಂವ ಅವನ ಅಲ್ಲೇನ್ರಿ?" ಎಂದು ಗುರುಶಾಂತ ಕೇಳಿದ.

ಗುರುಶಾಂತ ಮತ್ತು ಮರುಳಯ್ಯ ಒಂದು ಮಠದಲ್ಲಿ ಒಟ್ಟಿಗೆ ಓದಿದವರು, ಒಂದೇ ಪಂಕ್ತಿಯಲ್ಲಿ ಉಂಡವರು. ನೆರೆದ ಭಕ್ತರ ಮುಂದೆ ಗುರುಶಾಂತ ವಚನದ ಸಾಲು ಮರೆತು ತಡವರಿಸಿದಾಗ ಮರುಳಯ್ಯ ನಕ್ಕುಬಿಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಮರುಳಯ್ಯ ದೂರದ ಊರಿನ ಮಠಕ್ಕೆ ಹೊರಟಿದ್ದ. ಬೆಳಗಾದರೆ ಅವನ ಬಸ್ಸು. ಗುರುಶಾಂತನಿಗೆ ಅವನನ್ನು ಮಾತಾಡಿಸುವ ಆಸೆ, ಮುಖದಲ್ಲಿ ಮಾತ್ರ ಬಿಗುಮಾನ.

ಅಜ್ಜ, ಅಂದರೆ ಆ ಮಠದ ಹಿರಿಯ ಸ್ವಾಮಿಗಳು, ಓದುತ್ತಿದ್ದ ಪುಸ್ತಕ ಮುಚ್ಚಿದರು.

"ಕುಂಡ್ರು. ಒಂದು ಕಾರಿನ ಕತಿ ಹೇಳ್ತೀನಿ."

ಗುರುಶಾಂತ ಹುಬ್ಬೇರಿಸಿದ.

"ಯಾಕ, ಮಠದಾಗ ಬರೇ ರಾಜಾ-ರಾಣಿ ಕತೀನ ಹೇಳಬೇಕಂತೇನು?" ಎಂದು ನಕ್ಕು ಅಜ್ಜ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರ ಇದ್ದ. ನೆಗ್ಗಿದ ಕೊಡ ನೆಟ್ಟಗೆ ಮಾಡುವುದು, ಹಂಡೆಗೆ ಕಲಾಯಿ ಹಾಕುವುದು ಅವನ ಕೆಲಸ. ಸೋದರಮಾವನ ಕೈಕೆಳಗೆ ಕಲಿತ ಕಸುಬು ಅದು. ಅವನಿಗೊಬ್ಬನೇ ತಮ್ಮ. ಅವರ ಅಪ್ಪ ಅರಳೆಯ ವ್ಯಾಪಾರಿಯೊಬ್ಬನ ಕಾರು ಓಡಿಸಿಕೊಂಡಿದ್ದವನು. ವ್ಯಾಪಾರಿ ಹೊಸ ಕಾರು ಕೊಂಡಾಗ, "ಇದು ನನ್ನ ಮಾತಿಗಿಂತ ನಿನ್ನ ಮಾತ ಹೆಚ್ಚು ಕೇಳ್ತದ, ನೀನ ಇಟ್ಕೊ" ಎಂದು ಹಳೆಯದನ್ನು ಅವನಿಗೇ ಕೊಟ್ಟುಬಿಟ್ಟ. ಉಬ್ಬಿದ ಗಲ್ಲದಂಥ ಮಡ್‌ಗಾರ್ಡುಗಳ, ದುಂಡು ಮೂತಿಯ ಕಾರು. ಊರಿನ ಎಷ್ಟೋ ಮದುಮಕ್ಕಳು ಅದರಲ್ಲಿ ಮೆರೆದಿದ್ದರು. ಎಷ್ಟೋ ಬಸುರಿಯರು ಅದರಲ್ಲೇ ಆಸ್ಪತ್ರೆ ಸೇರಿದ್ದರು. ಅಪ್ಪ ತೀರಿಕೊಂಡ ಮೇಲೆ ಅದು ಅಣ್ಣತಮ್ಮಂದಿರದಾಯಿತು. ತೊಳೆಯುವವನು ಅಣ್ಣ, ಓಡಿಸುವವನು ತಮ್ಮ.

ತಮ್ಮನಿಗೆ ವೇಗದ ಹುಚ್ಚು. ಹಳ್ಳದ ದಾರಿಗೆ ಒಯ್ಯಬೇಡ, ಅಲ್ಲಿಯ ತಿರುವು ಸರಿಯಿಲ್ಲ ಎಂದು ಅಣ್ಣ ಹೇಳುತ್ತಲೇ ಇದ್ದ. ಒಂದು ದಿನ ಒಯ್ದೇಬಿಟ್ಟ. ಕಾರು ಸೇತುವೆಯ ಕಟ್ಟೆಗೆ ಬಡಿಯಿತು. ಎಡಗಡೆಯ ಮಡ್‌ಗಾರ್ಡು ಒಳಗೆ ಹೋಯಿತು, ಬಾನೆಟ್ಟು ಎದ್ದು ನಿಂತಿತು, ಒಂದು ದೀಪ ಪುಡಿಯಾಯಿತು.

ಸುದ್ದಿ ಕೇಳಿ ಅಣ್ಣ ಓಡಿ ಬಂದ. ತಮ್ಮನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅಣ್ಣ ಮೊದಲು ನೋಡಿದ್ದು ಕಾರನ್ನು.

"ಅಪ್ಪಾ ಖರೇ ಸತ್ತದ್ದು ಇವತ್ತ ನೋಡು," ಎಂದ.

ಆ ಮಾತು ತಮ್ಮನಿಗೆ ಸೇತುವೆಗಿಂತ ಜೋರಾಗಿ ಬಡಿಯಿತು. ತಪ್ಪಾಯಿತು ಎಂದು ಹೇಳಲು ತೆರೆದಿದ್ದ ಬಾಯಿ ಮುಚ್ಚಿತು. ಅವನು ಬಸುರಿ ಹೆಂಡತಿಯನ್ನು ಕರೆದುಕೊಂಡು ಹೋಗಿ ಊರಿನ ಆಚೆ ತುದಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದ. ಅಣ್ಣನೂ ನಿಲ್ಲು ಎನ್ನಲಿಲ್ಲ. ಎತ್ತಿ ಆಡಿಸಿದ ತಮ್ಮ ಮನೆಬಿಟ್ಟು ಹೋದನಲ್ಲ ಎಂದು ಕಂಚುಗಾರನಿಗೆ ಅನ್ನ ಸೇರದಾಯಿತು. ಆದರೆ ದುಃಖವನ್ನು ಯಾರ ಮುಂದೆ ಹೇಳಿಕೊಳ್ಳುವುದು? ಸಿಟ್ಟನ್ನಾದರೆ ಯಾರ ಮುಂದೆ ಬೇಕಾದರೂ ಹೇಳಬಹುದು. ಅವನು ಅದನ್ನೇ ಹೇಳಿಕೊಂಡು ತಿರುಗಿದ.

ಇನ್ನು ಕಾರು. ಗ್ಯಾರೇಜಿನವನು ಹೇಳಿದ ಖರ್ಚು ಕೇಳಿ ಕಂಚುಗಾರ ಎದ್ದು ಬಂದ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ; ಅವನನ್ನು ಬೈದು ಕಳಿಸಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವನ ಹಾಸಿಗೆಯೋ ಮೊಣಕಾಲಿಗೇ ಮುಗಿಯುತ್ತಿತ್ತು. ಆದರೆ ಕೈಯಲ್ಲಿ ಕಸುಬಿತ್ತಲ್ಲ. ಅಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ಕಾರು ನಿಲ್ಲಿಸಿಕೊಂಡು ತಾನೇ ಕೈಹಚ್ಚಿದ. ಮೋಟಾರು ಮಿಸ್ತ್ರಿಯ ಮನೆಯ ಹಂಡೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಕೊಟ್ಟು ಇಂಜಿನ್ನು ಸರಿ ಮಾಡಿಸಿಕೊಂಡ. ಬೈದು ಕಳಿಸಿದ್ದ ಅದೇ ಗುಜರಿಯವನ ಗಲ್ಲ ಹಿಡಿದು, ಬೇರೆ ಯಾವುದೋ ಕಾರಿನ ದೀಪ ಬಿಚ್ಚಿ ತಂದ. ಹರಿದ ಸೀಟಿಗೆ ಹೆಂಡತಿ ಹಳೆಯ ಜಮಖಾನೆ ಕತ್ತರಿಸಿ ಹೊದಿಕೆ ಹೊಲಿದಳು. ನೀಲಿ ಬಣ್ಣವನ್ನು ಒಮ್ಮೆಲೇ ಕೊಳ್ಳಲು ಆಗದೆ, ಕೈಯಲ್ಲಿ ದುಡ್ಡಾಡಿದಾಗ ಒಂದೊಂದು ಸಣ್ಣ ಡಬ್ಬಿ ತಂದು ಗೋಡೆಯ ಮಾಡದಲ್ಲಿ ಇಡುತ್ತಿದ್ದ.

ಎಲ್ಲ ಕೂಡಿ ಬಂದರೂ ಮಡ್‌ಗಾರ್ಡು ಮಾತ್ರ ದಾರಿಗೆ ಬರಲಿಲ್ಲ. ಅದರ ನಡುವೆ ಬೋಗುಣಿಯಷ್ಟು ದೊಡ್ಡ ನೆಗ್ಗು. ಅದನ್ನು ಕಂಡರೆ ಸಾಕು, ತಮ್ಮ ಮಾಡಿದ ಕೆಲಸ ಅವನ ಕಣ್ಣಿಗೆ ಕಟ್ಟುತ್ತಿತ್ತು. ಸುತ್ತಿಗೆ ಅಲ್ಲಿಗೇ ಹೋಗುತ್ತಿತ್ತು. ಒಳಗಿನಿಂದ ಬಡಿದರೆ ತಗಡು ಟಕ್ಕೆಂದು ಹೊರಗೆ ಬರುವುದು, ಕೈ ತೆಗೆದರೆ ಟಕ್ಕೆಂದು ಒಳಗೆ ಹೋಗುವುದು. ಪಕ್ಕದಲ್ಲಿ ಹೊಸದೊಂದು ಉಬ್ಬು ಬೇರೆ ಏಳುವುದು. ಬಡಿದಷ್ಟೂ ಕೆಟ್ಟಿತು, ಕೆಟ್ಟಷ್ಟೂ ಬಡಿದ.

ಹೀಗೆ ಬಡಿಯುತ್ತಿರುವಾಗ ಒಂದು ದಿನ ತಮ್ಮ ಬಂದ. ಜೊತೆಗೆ ಹೆಂಡತಿ, ಅವಳ ತೋಳಿನಲ್ಲಿ ಹಸುಗೂಸು. ಕಂಚುಗಾರ ಕಾರಿನ ಕೆಳಗೆ ಮಗ್ಗುಲಾಗಿ ಮಲಗಿದ್ದ. ಅವನಿಗೆ ಕಂಡದ್ದು ಕಾಲುಗಳು ಮಾತ್ರ. ತಮ್ಮನ ಕಾಲು ಅವನಿಗೆ ಗುರುತು ಸಿಗದೆ ಇದ್ದೀತೇ? ಸುತ್ತಿಗೆಯ ಸದ್ದಿಗೆ ಕೂಸು ಬೆಚ್ಚಿ ಅಳತೊಡಗಿತು. ಇವನಿಗೆ ಎದ್ದು ಹೋಗಿ ಎತ್ತಿಕೊಳ್ಳಬೇಕು ಅನ್ನಿಸಿತು. ಆದರೂ, 'ಮೊದಲು ಅವನು ತಪ್ಪಾಯಿತು ಅನ್ನಲಿ' ಎಂದುಕೊಂಡ. ಸುತ್ತಿಗೆ ನಿಲ್ಲಲಿಲ್ಲ. ಕಾಲುಗಳು ಸ್ವಲ್ಪ ಹೊತ್ತು ಅಲ್ಲೇ ನಿಂತವು, ಆಮೇಲೆ ಹೊರಳಿ ಹೋದವು.

ಕಂಚುಗಾರನ ಹೆಂಡತಿ ಅಂಗಡಿಯ ಹಿಂಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಗಂಡ ಮೊದಲಿಗಿಂತ ಜೋರಾಗಿ ಬಡಿಯತೊಡಗಿದಾಗ ಅವಳು ಬಂದು ಪಕ್ಕದಲ್ಲಿ ಕುಳಿತಳು.

"ನನ್ನ ಕೊಡಾ ಆಗಿದ್ರ ಹಿಂಗ ಬಡೀತಿದ್ರೇನು?" ಎಂದಳು. ಅಷ್ಟೇ ಅಂದು ಒಳಗೆ ಹೋದಳು.

ಕಂಚುಗಾರನ ಕೈ ನಿಂತಿತು. ಅವನು ಯಾವ ಕೊಡವನ್ನೂ ಹೀಗೆ ಬಡಿದವನಲ್ಲ. ಕೊಡ ಬಿದ್ದಾಗ ಮೊದಲು ಆಗುವುದು ನಡುವಿನ ನೆಗ್ಗು. ಆಮೇಲೆ ಅದರ ಸುತ್ತ ಸುಕ್ಕುಗಳು ಏಳುತ್ತವೆ, ಒಂದರ ಹಿಂದೊಂದು. ಆ ಸುಕ್ಕುಗಳೇ ನೆಗ್ಗನ್ನು ಹಿಡಿದು ಕೂರುತ್ತವೆ. ಆದ್ದರಿಂದ ಕಸುಬು ಬಲ್ಲವನು ಮೊದಲು ನೆಗ್ಗಿಗೆ ಕೈಹಾಕುವುದಿಲ್ಲ. ಎಲ್ಲಕ್ಕಿಂತ ಕಡೆಗೆ ಎದ್ದ ಸುಕ್ಕು ಯಾವುದೆಂದು ಬೆರಳಿನಿಂದ ಹುಡುಕುತ್ತಾನೆ. ಅದನ್ನು ಮೆಲ್ಲಗೆ ತಟ್ಟಿ ಬಿಡಿಸುತ್ತಾನೆ. ಆಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ಹಿಡಿದುಕೊಂಡ ಸುಕ್ಕುಗಳೆಲ್ಲ ಬಿಟ್ಟ ಮೇಲೆ ನೆಗ್ಗು ಹೆಚ್ಚು ಹೇಳಿಸಿಕೊಳ್ಳದೆ ಮೇಲೆ ಬರುತ್ತದೆ. ಮಾವ ಮೊದಲ ವರ್ಷವೇ ಇದನ್ನು ಕಲಿಸಿದ್ದ. ಸಿಟ್ಟು ಅದನ್ನು ಮರೆಸಿತ್ತು.

ಅವನು ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿದ. ಕಡೆಯ ಸುಕ್ಕು ನೆಗ್ಗಿನಿಂದ ಗೇಣು ದೂರದಲ್ಲಿ, ಅಂಚಿನಲ್ಲಿ ಸಿಕ್ಕಿತು. ಅಲ್ಲಿಂದ ಹಿಂದೆ ಹಿಂದೆ ಹುಡುಕುತ್ತ ಹೋದಾಗ ಅವನ ಮನಸ್ಸೂ ಅದೇ ದಾರಿ ಹಿಡಿಯಿತು. ಕಟ್ಟೆಗೆ ಗುದ್ದಿದವನು ತಮ್ಮ, ಸುಳ್ಳಲ್ಲ. ಆದರೆ ರಕ್ತ ಬಿಟ್ಟು ಕಾರು ನೋಡಿದವನು ಯಾರು? ಸತ್ತ ಅಪ್ಪನನ್ನು ನಡುವೆ ಎಳೆದವನು ಯಾರು? ತಮ್ಮ ಮನೆಬಿಟ್ಟು ಹೋದ. ಹೋದವನು ಕೂಸನ್ನು ತೋರಿಸಲು ತಾನಾಗಿಯೇ ಬಂದ. ಅದಾದ ಮೇಲೆ ಆದದ್ದು ಒಂದೇ. ಕೂಸು ಅತ್ತರೂ ಸುತ್ತಿಗೆ ನಿಲ್ಲಲಿಲ್ಲ.

ಕಂಚುಗಾರ ಎದ್ದ. ಕೈ ಕೂಡ ತೊಳೆಯದೆ ಊರಿನ ಆಚೆ ತುದಿಗೆ ನಡೆದ. ತಮ್ಮನ ಬಾಗಿಲಲ್ಲಿ ನಿಂತು ಅವನು ಸೇತುವೆಯ ಮಾತೆತ್ತಲಿಲ್ಲ, ಕಾರಿನ ಮಾತೂ ಎತ್ತಲಿಲ್ಲ.

"ನೀವು ಬಂದದ್ದು ಕಂಡಿದ್ದೆ," ಎಂದ. "ಕಂಡೂ ಸುತ್ತಿಗಿ ಬಿಡಲಿಲ್ಲ. ತಪ್ಪಾತೋ ತಮ್ಮಾ."

ತಮ್ಮ ಕೂತಲ್ಲಿಂದ ಎದ್ದ. ಅಣ್ಣ ಇಷ್ಟು ದಿನ ಹಟ ಹಿಡಿದು ಕಾದಿದ್ದ ಮಾತು, ಈಗ ಕೇಳದೆಯೇ ಬಂತು.

"ನೀ ಬ್ಯಾಡಂದ ದಾರೀಗೆ ಹೋದಾಂವ ನಾನು, ಅಣ್ಣಾ."

ಅಷ್ಟು ಹೇಳಿ ಅವನು ಚಿಕ್ಕಂದಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಕಂಚುಗಾರನೂ ಅತ್ತ. ತಮ್ಮನ ಹೆಂಡತಿ ಕೂಸನ್ನು ಮುಂದೆ ಹಿಡಿದಳು. ಇವನು ಮಸಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. "ತೊಗೋರಿ ಭಾವಾರ, ಅಂಗಿ ತೊಳದರ ಹೋಗ್ತದ" ಎಂದು ಅವಳು ಕೊಟ್ಟೇಬಿಟ್ಟಳು. ಕೂಸು ದೊಡ್ಡಪ್ಪನ ಮೀಸೆಗೆ ಕೈಹಾಕಿತು.

ಮರುದಿನದಿಂದ ಅಣ್ಣತಮ್ಮಂದಿರು ಚಪ್ಪರದಲ್ಲಿ ಎದುರುಬದುರು ಕೂತರು. ತಮ್ಮ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿದ, ಅಣ್ಣ ಹೊರಗಿನಿಂದ ಮೆಲ್ಲಗೆ ತಟ್ಟಿದ. ಸುಕ್ಕುಗಳು ಒಂದೊಂದೇ ಬಿಟ್ಟವು. ಕಡೆಗೆ ನೆಗ್ಗೂ ಮೇಲೆ ಬಂತು. ಬೇರೆ ಬೇರೆ ಸಲ ತಂದ ಬಣ್ಣವಲ್ಲವೇ, ಕಾರಿನ ಎಡಗಲ್ಲ ಒಂದು ನೀಲಿಯಾಯಿತು, ಬಲಗಲ್ಲ ಇನ್ನೊಂದು ನೀಲಿಯಾಯಿತು. ಊರಿನವರು ನೋಡಿ ನಕ್ಕರು. ಅವರು ನಗುತ್ತಿರುವಾಗಲೇ ಮನೆಯವರೆಲ್ಲ ಕಾರು ಹತ್ತಿ ಹೊರಟರು. ಓಡಿಸಿದವನು ತಮ್ಮ. ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಂಚುಗಾರ ಕುಳಿತಿದ್ದ.

ಅಜ್ಜ ಕತೆ ಮುಗಿಸಿದರು. ಗುರುಶಾಂತನ ಕಣ್ಣು ಒದ್ದೆಯಾಗಿತ್ತು. ಆದರೂ ಬಿಗುಮಾನ ಅಷ್ಟು ಬೇಗ ಬಿಟ್ಟೀತೇ?

"ಖರೇ ಅಜ್ಜಾರ. ಆದರೂ ಎಲ್ಲಾರ ಮುಂದ ಮೊದಲ ನಕ್ಕಾಂವ ಅವನ ಅಲ್ಲೇನ್ರಿ?"

"ಮೊದಲಿಂದು ನೀ ಹೇಳಿದಿ, ಈಗ ಕಡೀ ಸುಕ್ಕು ಯಾವುದಂತ ಹೇಳು," ಎಂದರು ಅಜ್ಜ.

"ನಿನ್ನೆ ಪಂಕ್ತ್ಯಾಗ ಅಂವ ಬಂದು ನನ್ನ ಮಗ್ಗಲಕ ಕುಂತಾಗ ನಾ ಎದ್ದು ಹೋದೆ," ಎಂದ ಗುರುಶಾಂತ. ಹಾಗೆಂದವನೇ ಎದ್ದು ಮರುಳಯ್ಯನ ಕೋಣೆಯ ಕಡೆ ನಡೆದ.