ಸುಮುಖ ತಳ್ಳಿದ್ದು

ಬೇಡ್ತಿ ನದಿಯ ದಂಡೆಯಲ್ಲಿದ್ದ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ದೂರು ತಂದವರು ಅದನ್ನು ಗುರುಗಳ ಮುಂದೆ ಮಾಡಿ ತೋರಿಸಬೇಕು. ಎಷ್ಟೋ ದೂರುಗಳು ಹಾಗೆ ನಗುವಿನಲ್ಲೇ ಮುಗಿದುಹೋಗುತ್ತಿದ್ದವು.

ಒಂದು ಬೆಳಿಗ್ಗೆ ಸುಮುಖ ಏದುಸಿರು ಬಿಡುತ್ತ ಬಂದ.

"ಗುರುಗಳೇ, ಗಿರಿಜಾ ನಮ್ಮ ಪುಟ್ಟ ಕೇಶುವನ್ನ ನದಿ ಮೆಟ್ಟಿಲಿಂದ ತಳ್ಳಿದ್ಲು. ನಾನೇ ನೋಡಿದೆ."

ಗಿರಿಜಾ ಹೊಸಬಳು, ಸಿದ್ದಿ ಜನಾಂಗದ ಹುಡುಗಿ. ಕಪ್ಪು ಮೈ, ಗುಂಗುರು ಕೂದಲು. ಬಿದ್ದವನನ್ನು ಎತ್ತಲು ಹೋಗಿದ್ದೆ ಎಂದು ಅವಳು ಹೇಳಿದ್ದಳು, ಯಾರೂ ನಂಬಿರಲಿಲ್ಲ. ಈಗ ಬಟ್ಟೆಗಂಟು ಕಟ್ಟಿಕೊಂಡು, ಮನೆಗೆ ಹೋಗುತ್ತೇನೆಂದು ಬಾಗಿಲಲ್ಲಿ ಕೂತಿದ್ದಳು.

ಗುರುಗಳು ಸುಮುಖನನ್ನು ನದಿಗೆ ಕರೆದೊಯ್ದು ಕೊನೆಯ ಮೆಟ್ಟಿಲ ಮೇಲೆ ನಿಂತರು.

"ನಾನೇ ಕೇಶು. ತಳ್ಳು."

"ನಿಮ್ಮನ್ನಾ?"

"ಪದ್ಧತಿ ಅಂದ್ರೆ ಪದ್ಧತಿ, ಮರಿ."

ಸುಮುಖ ಕಣ್ಣು ಮುಚ್ಚಿಕೊಂಡು ತಳ್ಳಿದ. ಗುರುಗಳು ಗಡ್ಡದ ಸಮೇತ ನೀರಿಗೆ ಬಿದ್ದರು. ಗಾಬರಿಯಾಗಿ ಅವನು ಎತ್ತಲೆಂದು ಬಗ್ಗಿ ಅವರ ಹೆಗಲು ಹಿಡಿದುಕೊಂಡ.

ಅತ್ತ ಪಾತ್ರೆ ತಿಕ್ಕುತ್ತಿದ್ದ ಅಡುಗೆಯ ಶಾರದಕ್ಕ ಸದ್ದಿಗೆ ತಿರುಗಿ ನೋಡಿದಳು.

"ಅಯ್ಯೋ, ಜಾರಿಬಿಟ್ರಾ ಗುರುಗಳೇ? ಪುಣ್ಯಕ್ಕೆ ಸುಮುಖ ಇದ್ದ. ಬಂಗಾರದಂಥ ಹುಡುಗ."

ಸುಮುಖನ ಮುಖ ಸಣ್ಣದಾಯಿತು.

"ನೀನು ನೋಡಿದಾಗ ಕೇಶು ನಿಂತಿದ್ನಾ, ಬಿದ್ದಿದ್ನಾ?" ಗುರುಗಳು ನೀರಲ್ಲೇ ಕೂತು ಕೇಳಿದರು.

"ಬಿದ್ದಿದ್ದ."

"ಗಿರಿಜಾಳ ಕೈ?"

"ಅವನ ಹೆಗಲ ಮೇಲೆ."

ಹೇಳಿದವನೇ ಸುಮುಖ ಗುರುಗಳ ಹೆಗಲ ಮೇಲಿದ್ದ ತನ್ನ ಕೈಯನ್ನು ನೋಡಿದ. ಅವನ ಕಣ್ಣು ತುಂಬಿ ಬಂತು.

"ತಳ್ಳಿದ್ದನ್ನ ನಾನು ನೋಡ್ಲೇ ಇಲ್ಲ. ಆದ್ರೆ ಅವಳ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಗುರುಗಳೇ."

"ನನಗೆ ಗೊತ್ತು, ಮಗಾ." ಒದ್ದೆ ಕೈಯಿಂದಲೇ ಅವನ ತಲೆ ನೇವರಿಸಿದರು. ಆ ಹುಡುಗನ ಮೇಲೆ ಅವರಿಗೆ ಬಹಳ ಪ್ರೀತಿ.

"ಈಗ ಏನು ಮಾಡ್ಲಿ?"

"ಮೊದಲು ಶಾರದಕ್ಕನಿಗೆ ನಿಜ ಹೇಳು. ನನ್ನನ್ನ ತಳ್ಳಿದ್ದು ನೀನು ಅಂತ."

ಸುಮುಖ ಓಡಿದ. ಸ್ವಲ್ಪ ಹೊತ್ತಿಗೆ ಕಾಲೆಳೆದುಕೊಂಡು ವಾಪಸು ಬಂದ.

"ಏನಂದ್ಲು?"

"ನಕ್ಕುಬಿಟ್ರು. ಎಷ್ಟು ಹೇಳಿದ್ರೂ ನಂಬ್ಲಿಲ್ಲ."

ಗುರುಗಳು ಪಂಚೆ ಹಿಂಡಿಕೊಳ್ಳುತ್ತ ಎದ್ದರು.

"ಹಾಗಾದ್ರೆ ಬಾಗಿಲಿಗೆ ಹೋಗಿ ಗಿರಿಜಾಗೆ ಹೇಳು. ಅವಳು ನಂಬ್ತಾಳೆ."